ಹಿತ್ತಲಿನ ಕೊನ್ನಾರಿ ತೆಗೆದ ಮೂರು ವರ್ಷ

2022ರ ಜನವರಿಯಲ್ಲಿ ಹಿತ್ತಲಿಗೆ ಟಿಲ್ಲರ್ ಹೊಡೆಸಿದ ದಿನ ಅತ್ತೆಯವರನ್ನು ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದ್ದೆ. ಮಣ್ಣು ರವೆಯ ಹಾಗೆ ಉದುರುದುರಾಗಿತ್ತು. ಹುಡುಕಿದರೂ ಒಂದು ಹಸಿರು ಎಲೆ ಕಾಣುತ್ತಿರಲಿಲ್ಲ. ಅತ್ತೆ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಬೆರಳಲ್ಲಿ ಉಜ್ಜಿ ನೋಡಿದರು. ಕಡಲೆಕಾಳಿನಷ್ಟು ದೊಡ್ಡ, ಕಪ್ಪಗಿನ ಗಡ್ಡೆಯೊಂದು ಕೈಗೆ ಸಿಕ್ಕಿತು. "ಇದು ಹೋಗಿಲ್ಲವಲ್ಲಮ್ಮ" ಎಂದರು. ಟಿಲ್ಲರ್ ಹೊಡೆದ ಮೇಲೆ ಇನ್ನೇನು ಉಳಿಯುತ್ತದೆ ಎಂದು ನಾನು ಆ ಮಾತನ್ನು ಅಲ್ಲೇ ಬಿಟ್ಟೆ.

ಆ ಗಡ್ಡೆ ಕೊನ್ನಾರಿ. ಕೆಲವರು ಜೇಕು ಎನ್ನುತ್ತಾರೆ, ಕೆಲವರು ತುಂಗೆಗಡ್ಡೆ ಎನ್ನುತ್ತಾರೆ. ಆಯುರ್ವೇದದ ಭದ್ರಮುಷ್ಟಿ ಇದೇ. ಒಣಗಿದ ಗಡ್ಡೆಯನ್ನು ಜಜ್ಜಿದರೆ ಒಳ್ಳೆಯ ಪರಿಮಳ ಬರುತ್ತದೆ. ಆದರೆ ತರಕಾರಿ ಬೆಳೆಯುವವರಿಗೆ ಇದರಷ್ಟು ಕಾಟ ಕೊಡುವ ಗಿಡ ಇನ್ನೊಂದಿಲ್ಲ. ಪ್ರಪಂಚದ ಅತಿ ಕೆಟ್ಟ ಕಳೆಗಳ ಪಟ್ಟಿಯಲ್ಲಿ ಕಳೆ ವಿಜ್ಞಾನಿಗಳು 1977ರಲ್ಲೇ ಇದಕ್ಕೆ ಮೊದಲ ಸ್ಥಾನ ಕೊಟ್ಟಿದ್ದಾರೆ.

ನಮ್ಮ ಮನೆ ಕೊಡಗಿನ ಸುಂಟಿಕೊಪ್ಪದಿಂದ ಸ್ವಲ್ಪ ಒಳಗೆ, ರೊಬಸ್ಟಾ ಕಾಫಿ ತೋಟದ ನಡುವೆ ಇದೆ. ಮನೆ ಹಿಂದೆ ಹಳೆಯ ದನದ ಹಟ್ಟಿ ಇದ್ದ ಜಾಗದಲ್ಲಿ ಅತ್ತೆ ಮೂವತ್ತು ವರ್ಷ ತರಕಾರಿ ಬೆಳೆದಿದ್ದರು. ಬೀನ್ಸ್, ಬದನೆ, ಸೌತೆ, ಮೂಲೆಯಲ್ಲಿ ಗಾಂಧಾರಿ ಮೆಣಸು. ಆಗ ಅಲ್ಲಿ ಕೊನ್ನಾರಿ ಇರಲೇ ಇಲ್ಲ. 2018ರ ಆಗಸ್ಟ್‌ನ ಮಳೆ ಕೊಡಗಿನಲ್ಲಿ ಯಾರೂ ಮರೆಯುವಂಥದ್ದಲ್ಲ. ಎಷ್ಟೋ ಮನೆಗಳೇ ಹೋದವು. ನಮ್ಮಲ್ಲಿ ಹಿಂದಿನ ಬರೆ, ಅಂದರೆ ಮಣ್ಣಿನ ಕಡಿದಾದ ಇಳಿಜಾರು, ಕುಸಿದು ತರಕಾರಿ ಜಾಗದ ಮೇಲೆ ಬಿತ್ತು, ಅಷ್ಟೇ. ಮರುವರ್ಷ ಕಲ್ಲು, ಕೆಸರು ತೆಗೆಸಿ, ತಗ್ಗು ತುಂಬಿಸಲು ಎರಡು ಟಿಪ್ಪರ್ ಗದ್ದೆ ಮಣ್ಣು ಹಾಕಿಸಿದೆವು. ಕಪ್ಪು ಮಣ್ಣು, ನೋಡಲು ತುಂಬಾ ಚೆನ್ನಾಗಿತ್ತು. ಕೊನ್ನಾರಿ ಬಂದದ್ದು ಅದರ ಜೊತೆಗೇ. ಆಮೇಲೆ ಎರಡು ವರ್ಷ ಆ ಕಡೆ ಯಾರೂ ತಲೆ ಹಾಕಲಿಲ್ಲ. ಅಷ್ಟು ಸಮಯ ಅದಕ್ಕೆ ಧಾರಾಳ ಸಾಕಾಯಿತು.

ಟಿಲ್ಲರ್ ಹೊಡೆಸಿದ ಮೇಲೆ ಹಟ್ಟಿಗೊಬ್ಬರ ಹಾಕಿ ಬೀನ್ಸ್, ಮೂಲಂಗಿ ಬಿತ್ತಿದೆ. ಮಾರ್ಚ್‌ನಲ್ಲಿ ಹೂಮಳೆ ಬಂತು. ಕಾಫಿ ಹೂ ಬಿಟ್ಟ ವಾರವೇ ಹಿತ್ತಲಿನ ತುಂಬ ಸೂಜಿ ಚುಚ್ಚಿಟ್ಟ ಹಾಗೆ ಹಸಿರು ಮೊಳಕೆಗಳು ಎದ್ದವು. ಮೊದಲು ಗುಂಪು ಗುಂಪಾಗಿ ಇದ್ದದ್ದು ಈಗ ಒಂದು ಗೇಣು ಜಾಗ ಬಿಡದೆ ಹರಡಿತ್ತು. ಕೈಯಲ್ಲಿ ಕಿತ್ತೆ. ಐದೇ ದಿನಕ್ಕೆ ಅದೇ ಜಾಗದಲ್ಲಿ ಮತ್ತೆ ಬಂತು. ಮೂಲಂಗಿಯನ್ನು ಕೀಳಲು ಹೋದರೆ ಒಂದರ ಮೈಯನ್ನು ಕೊನ್ನಾರಿಯ ಮೊಳಕೆ ಈ ಕಡೆಯಿಂದ ಆ ಕಡೆಗೆ ತೂತು ಮಾಡಿಕೊಂಡು ಹೋಗಿತ್ತು. ಅದನ್ನು ನೋಡಿ ಅತ್ತೆ ಏನೂ ಹೇಳಲಿಲ್ಲ. ತೊಳೆದು, ತೂತಾದ ಭಾಗ ಕತ್ತರಿಸಿ ಸಾರಿಗೆ ಹಾಕಿದರು.

ಅಕ್ಕನ ಮಗಳು ಕೃಷಿ ಓದಿದವಳು. ರಜೆಗೆ ಬಂದಿದ್ದಾಗ ಹಿತ್ತಲಿಗೆ ಕರೆದುಕೊಂಡು ಹೋದೆ. ಅವಳು ಮೊದಲು ಒಂದು ಕಾಂಡ ಕಿತ್ತು ನನ್ನ ಬೆರಳುಗಳ ನಡುವೆ ಇಟ್ಟಳು. "ಉರುಳಿಸಿ ನೋಡಿ ಚಿಕ್ಕಮ್ಮ, ಮೂರು ಮೂಲೆ ಇದೆ ಅಲ್ವಾ? ಇದು ಹುಲ್ಲೇ ಅಲ್ಲ" ಎಂದಳು. ಆಮೇಲೆ ಗುದ್ದಲಿ ಹಾಕದೆ, ಕೈಯಲ್ಲೇ ನಿಧಾನಕ್ಕೆ ಮಣ್ಣು ಸರಿಸುತ್ತಾ ಹೋದಳು. ಗಿಡದ ಬುಡದಲ್ಲಿ ಒಂದು ಗಡ್ಡೆ. ಅದರಿಂದ ತಂತಿಯ ಹಾಗೆ ಒಂದು ಬೇರು, ಅದರ ತುದಿಗೆ ಇನ್ನೊಂದು ಗಡ್ಡೆ. ಅಲ್ಲಿಂದ ಮತ್ತೊಂದು. ಜಪಮಾಲೆಯ ಹಾಗೆ ಒಂಬತ್ತು ಗಡ್ಡೆಗಳು ಒಂದೇ ಎಳೆಯಲ್ಲಿ ಬಂದವು. ಮೇಲೆ ಇದ್ದದ್ದು ಮಾತ್ರ ಎರಡು ಗಿಡ.

ಅವಳು ಹೇಳಿದ್ದರಲ್ಲಿ ಮುಖ್ಯವಾದದ್ದು ಇಷ್ಟು. ಎಳೆ ಇಡಿಯಾಗಿ ಇರುವವರೆಗೆ ಒಂದೆರಡು ಗಡ್ಡೆ ಮಾತ್ರ ಮೊಳೆಯುತ್ತವೆ, ಉಳಿದವು ನಿದ್ದೆಯಲ್ಲಿರುತ್ತವೆ. ಎಳೆ ತುಂಡಾದರೆ ಪ್ರತಿ ಗಡ್ಡೆಯೂ ಎಚ್ಚರಗೊಂಡು ತನ್ನದೇ ಗಿಡ ಕಟ್ಟುತ್ತದೆ. ಟಿಲ್ಲರ್‌ನ ಅಲಗು ಮಾಡಿದ್ದು ಅದನ್ನೇ. ಒಂದು ಮಾಲೆಯನ್ನು ಹತ್ತು ತುಂಡು ಮಾಡಿ ಇಡೀ ಹಿತ್ತಲಿಗೆ ಬಿತ್ತಿಕೊಟ್ಟಿತ್ತು. ಇಷ್ಟೆಲ್ಲ ಮಾಡುವ ಈ ಗಿಡ ಬೀಜದಿಂದ ಹರಡುವುದು ತುಂಬಾ ಕಡಿಮೆ. ಅದರ ಆಸ್ತಿಯೆಲ್ಲ ಗಡ್ಡೆಯಲ್ಲೇ. ಹಾಗಾಗಿ ಎಲೆಯ ಜೊತೆ ಜಗಳ ಆಡಿ ಪ್ರಯೋಜನ ಇಲ್ಲ. ಗಡ್ಡೆ ಮಣ್ಣಿನಿಂದ ಹೊರಗೆ ಬರಬೇಕು, ಇಲ್ಲವೇ ಒಳಗೇ ಹಸಿದು ಸಾಯಬೇಕು.

ಇದು ಗೊತ್ತಾದ ಮೇಲೂ ನಾನು ಆ ವರ್ಷ ಸುಲಭದ ದಾರಿ ಹುಡುಕಿದೆ. ಮಳೆಗಾಲಕ್ಕೆ ಮುಂಚೆ ಅಂಗಡಿಗಳಿಂದ ರಟ್ಟು ತಂದು ಹಾಸಿ, ಅದರ ಮೇಲೆ ಸಿಲ್ವರ್ ಓಕ್ ತರಗೆಲೆ, ಕಾಫಿ ಸಿಪ್ಪೆ ಅರ್ಧ ಅಡಿ ಹೊದಿಸಿದೆ. ಬೇರೆ ಎಷ್ಟೋ ಕಳೆ ಅದರ ಕೆಳಗೆ ಸತ್ತವು. ಕೊನ್ನಾರಿಯ ಮೊಳಕೆ ಈಟಿಯ ಮೊನೆಯ ಹಾಗೆ ಚೂಪು. ಜುಲೈಯಲ್ಲಿ ರಟ್ಟು ನೆನೆದು ಮೆತ್ತಗಾದದ್ದೇ ಸಾಕು, ತೂರಿಕೊಂಡು ಮೇಲೆ ಬಂತು. ಒಂದು ಮಡಿಗೆ ತೆಳು ಕಪ್ಪು ಪ್ಲಾಸ್ಟಿಕ್ ಹಾಕಿದ್ದೆ. ಅದನ್ನೂ ಚುಚ್ಚಿಕೊಂಡು ಎದ್ದು ನಿಂತಿತ್ತು. ಬಯಲುಸೀಮೆಯಲ್ಲಿ ಬೇಸಿಗೆಯ ಬಿಸಿಲಿಗೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಮಣ್ಣನ್ನು ಕಾಯಿಸುತ್ತಾರೆ. ನಾಲ್ಕರಿಂದ ಆರು ವಾರ ಸತತ ಬಿಸಿಲು ಬೇಕು. ನಮ್ಮಲ್ಲಿ ಸುತ್ತ ಮರದ ನೆರಳು. ಏಪ್ರಿಲ್ ಬಂತೆಂದರೆ ಮಧ್ಯಾಹ್ನದ ಮೇಲೆ ಮೋಡ. ಮಣ್ಣು ಬೆಚ್ಚಗಾಯಿತು, ಸುಡುವಷ್ಟು ಬಿಸಿಯಾಗಲಿಲ್ಲ. ಕುಶಾಲನಗರದ ಕಡೆಯ ಬಯಲು ಜಾಗದಲ್ಲಿ ಇದು ನಡೆದರೂ ನಡೆದೀತು, ತೋಟದ ನಡುವಿನ ಮನೆಗಳಿಗೆ ಆಗುವ ಕೆಲಸ ಅಲ್ಲ.

ಕಳೆನಾಶಕ ಹೊಡೆದುಬಿಡಿ ಎಂದು ಹೇಳಿದವರು ತುಂಬಾ ಜನ. ನಮ್ಮ ಬಾವಿ ಹಿತ್ತಲಿನಿಂದ ಮೂವತ್ತು ಅಡಿ ದೂರದಲ್ಲಿದೆ. ಊಟದ ತಟ್ಟೆಗೆ ಬರುವ ಸೊಪ್ಪಿನ ಜಾಗಕ್ಕೆ ಅದನ್ನು ಹೊಡೆಯಲು ನನಗೆ ಮನಸ್ಸು ಬರಲಿಲ್ಲ. ಅಲ್ಲದೆ ಎಲೆ ಸುಡುವ ಔಷಧಿಗಳು ಗಡ್ಡೆಯನ್ನು ಮುಟ್ಟುವುದೇ ಇಲ್ಲ. ಬೇರಿಗೆ ಇಳಿಯುವ ಗ್ಲೈಫೋಸೇಟ್ ಕೂಡ ನಿದ್ದೆಯಲ್ಲಿರುವ ಗಡ್ಡೆಗಳಿಗೆ ಸರಿಯಾಗಿ ತಲುಪುವುದಿಲ್ಲ. ಅದನ್ನು ಕೀಟ ನಿಯಂತ್ರಣದ ಪರವಾನಗಿ ಇರುವವರೇ ಹೊಡೆಯಬೇಕು ಎಂದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿತ್ತು. ಆ ದಾರಿಯನ್ನು ಅಲ್ಲಿಗೇ ಬಿಟ್ಟೆ.

2023ರ ಜನವರಿ ಮೊದಲ ವಾರ ನಿಜವಾದ ಕೆಲಸ ಶುರುವಾಯಿತು. ಕೆಲಸಕ್ಕೆ ಬರುವ ಅಕ್ಕ ಒಬ್ಬರು, ನಾನು. ಮೊದಲು ಜಾಗ ಅಳೆದೆವು. ಉದ್ದ ಮೂವತ್ತು ಅಡಿ, ಅಗಲ ಇಪ್ಪತ್ತು ಅಡಿ. ಇಷ್ಟನ್ನೂ ಒಟ್ಟಿಗೆ ತೆಗೆಯಲು ಹೋದರೆ ಯಾವುದೂ ಸರಿಯಾಗಿ ಆಗುವುದಿಲ್ಲ ಎಂದು ನಾಲ್ಕು ಅಡಿ ಅಗಲ, ಹದಿನೈದು ಅಡಿ ಉದ್ದದ ನಾಲ್ಕು ಮಡಿ ಮಾತ್ರ ಗುರುತು ಮಾಡಿದೆವು. ಉಳಿದ ಜಾಗಕ್ಕೆ ಕಾಫಿ ಒಣಗಿಸುವ ಹಳೆಯ ದಪ್ಪ ಟಾರ್ಪಾಲ್ ಹೊದಿಸಿ, ಅಂಚಿಗೆ ಕಲ್ಲು ಹೇರಿದೆವು. ಈ ಒಂದು ತೀರ್ಮಾನ ತುಂಬಾ ಒಳ್ಳೆಯದಾಯಿತು. ನಾನು ಯಾರಿಗೇ ಹೇಳುವುದಾದರೂ ಮೊದಲು ಇದನ್ನೇ ಹೇಳುತ್ತೇನೆ. ಎರಡು ಮಡಿಯಷ್ಟೇ ಆದರೂ ಸರಿ, ಪೂರ್ತಿ ಮಾಡಿ.

ಗುದ್ದಲಿ ಮುಟ್ಟಲಿಲ್ಲ. ಗುದ್ದಲಿ ಕಡಿಯುತ್ತದೆ. ನಾಲ್ಕು ಹಲ್ಲಿನ ಫೋರ್ಕ್ ಚುಚ್ಚಿ, ಹಿಡಿಯನ್ನು ಹಿಂದಕ್ಕೆ ಒತ್ತಿದರೆ ಮಣ್ಣು ಹೆಂಟೆಯಾಗಿ ಎದ್ದು ಬರುತ್ತದೆ, ಎಳೆಗಳು ಅಷ್ಟಾಗಿ ತುಂಡಾಗುವುದಿಲ್ಲ. ಮಣ್ಣಿನ ಹದವೂ ಮುಖ್ಯ. ಪೂರ್ತಿ ಒಣಗಿದ್ದರೆ ಹೆಂಟೆ ಕಲ್ಲಾಗಿರುತ್ತದೆ. ಒದ್ದೆ ಇದ್ದರೆ ಗಡ್ಡೆಗೆ ಮಣ್ಣು ಮೆತ್ತಿಕೊಂಡು ಕಾಣುವುದೇ ಇಲ್ಲ. ಹಿಂದಿನ ಸಂಜೆ ಸ್ವಲ್ಪ ನೀರು ಚಿಮುಕಿಸಿ, ಮರುದಿನ ಬೆಳಿಗ್ಗೆ ಅಗೆಯುತ್ತಿದ್ದೆವು. ಹೆಂಟೆಯನ್ನು ಕೈಯಲ್ಲಿ ಒಡೆದು, ದೊಡ್ಡ ಗಡ್ಡೆ ಆರಿಸಿ, ಉಳಿದ ಮಣ್ಣನ್ನು ಮರಳು ಜರಡಿಯಲ್ಲಿ ಹಾಕುತ್ತಿದ್ದೆವು.

ಮೊದಲ ದಿನ ಒಂದು ಚದರ ಅಡಿಯಲ್ಲಿ ಸಿಕ್ಕಿದ್ದನ್ನು ಎಣಿಸಿದೆ. ಎಪ್ಪತ್ತಮೂರು ಗಡ್ಡೆ. ಹೆಚ್ಚಿನವು ಮೇಲಿನ ಆರು ಇಂಚಿನಲ್ಲೇ ಇದ್ದವು. ಕೆಲವು ಮಾತ್ರ ಒಂದು ಅಡಿ ಆಳದಲ್ಲಿ, ಹಳೆಯ ಬರೆ ಮಣ್ಣಿಗೆ ಹೊಸ ಮಣ್ಣು ಕೂಡುವ ಕಡೆ ಸಿಕ್ಕವು. ಎಳೆಯ ಗಡ್ಡೆ ಬೆಳ್ಳಗೆ, ಮೆತ್ತಗೆ. ಹಳೆಯದು ಕಪ್ಪಗೆ, ನಾರು ಸುತ್ತಿಕೊಂಡು ಮಣ್ಣಿನ ಉಂಡೆಯಂತೆಯೇ ಕಾಣುತ್ತದೆ. ಬೆರಳಿಗೆ ಅಭ್ಯಾಸ ಆಗಲು ಒಂದು ವಾರ ಬೇಕಾಯಿತು. ಕೆಲಸದ ಅಕ್ಕನ ಕೈಗೆ ಮಾತ್ರ ಮೊದಲ ದಿನವೇ ಗೊತ್ತಿತ್ತು. ಅವರು ನೋಡದೆಯೇ ಒತ್ತಿ ಹೇಳುತ್ತಿದ್ದರು: ಉಂಡೆ ಪುಡಿಯಾಗುತ್ತದೆ, ಗಡ್ಡೆ ಆಗುವುದಿಲ್ಲ. ದಿನಕ್ಕೆ ಎರಡು ಗಂಟೆ, ಎಂಟು ಹತ್ತು ಚದರ ಅಡಿ. ನಾಲ್ಕು ಮಡಿ ಮುಗಿಯುವಾಗ ಫೆಬ್ರವರಿ ಮುಗಿದಿತ್ತು. ಬೆನ್ನು ನೋವು ಇತ್ತು. ಆದರೆ ಸಂಜೆ ಹೊತ್ತು ಬಕೆಟ್ ತುಂಬಿದ್ದನ್ನು ನೋಡಿದರೆ ಕೆಲಸ ಆಗಿದೆ ಎಂದು ಕಣ್ಣಿಗೇ ಕಾಣುತ್ತಿತ್ತು. ಎಲೆ ಕೀಳುವ ದಿನಗಳಲ್ಲಿ ಆ ನೆಮ್ಮದಿ ಇರಲಿಲ್ಲ.

ಆ ಗಡ್ಡೆಗಳನ್ನು ಏನು ಮಾಡುವುದು? ಗೊಬ್ಬರದ ಗುಂಡಿಗೆ ಹಾಕಲೇಬಾರದು. ಅಲ್ಲಿ ಸಾಯದೆ ಉಳಿದು ಗೊಬ್ಬರದ ಜೊತೆ ವಾಪಸ್ ಬರುತ್ತವೆ. ಕೊನ್ನಾರಿ ಗಡ್ಡೆಗೆ ಇರುವ ದೊಡ್ಡ ಭಯ ಒಣಗುವುದು. ಒಳಗಿನ ತೇವ ಪೂರ್ತಿ ಹೋದರೆ ಅದು ಮತ್ತೆ ಮೊಳೆಯುವುದಿಲ್ಲ. ಕಾಫಿ ಕಣದ ಒಂದು ಮೂಲೆಯಲ್ಲಿ ಬೇರೆ ಟಾರ್ಪಾಲ್ ಹಾಸಿ ತೆಳ್ಳಗೆ ಹರಡಿದೆ. ಕಾಫಿಯನ್ನು ಕೆದಕಿದ ಹಾಗೆ ಅದನ್ನೂ ದಿನಕ್ಕೆ ಎರಡು ಸಲ ಕೆದಕುತ್ತಿದ್ದೆ. ಒಂದು ರಾತ್ರಿ ಹೇಳದೆ ಕೇಳದೆ ಮಳೆ ಬಂತು. ಕಾಫಿ ಮುಚ್ಚುವ ಗಡಿಬಿಡಿಯಲ್ಲಿ ಈ ಮೂಲೆ ಮರೆತೇ ಹೋಯಿತು. ಹತ್ತು ದಿನ ಒಣಗಿದ್ದ ಗಡ್ಡೆಗಳಲ್ಲಿ ಅರ್ಧದಷ್ಟು ಮೂರೇ ದಿನಕ್ಕೆ ಬಿಳಿ ಮೊಳಕೆ ಬಿಟ್ಟಿದ್ದವು. ಮೇಲಿನ ಸಿಪ್ಪೆ ಒಣಗಿತ್ತು ಅಷ್ಟೇ, ಒಳಗೆ ಜೀವ ಇತ್ತು. ಆಮೇಲೆ ಮೂರು ವಾರ ಬಿಸಿಲಿಗೆ ಹಾಕಿ, ಹಲ್ಲಿಗೆ ಕಚ್ಚಿದರೆ ಕಲ್ಲಿನ ಹಾಗೆ ಆಗುವವರೆಗೆ ಕಾದೆ. ಕೊನೆಗೆ ಬಚ್ಚಲ ಒಲೆಗೆ ಹಾಕಿ ನೀರು ಕಾಯಿಸಿದೆವು.

ಇಷ್ಟು ಮಾಡಿದರೂ ಎಲ್ಲ ಗಡ್ಡೆ ಸಿಕ್ಕಿರುವುದಿಲ್ಲ. ಅದಕ್ಕೇ ಎರಡನೆಯ ಹಂತ, ಹತ್ತು ದಿನದ ಲೆಕ್ಕ. ಮಣ್ಣಿನಿಂದ ಮೊಳಕೆ ಏಳಲು ಗಡ್ಡೆ ತನ್ನ ಕೂಡಿಟ್ಟ ಆಹಾರ ಖರ್ಚು ಮಾಡುತ್ತದೆ. ಮೊದಲ ಎರಡು ವಾರ ಅದಕ್ಕೆ ಖರ್ಚೇ ಜಾಸ್ತಿ. ನಾಲ್ಕೈದು ಎಲೆ ಬಿಟ್ಟ ಮೇಲೆ ಎಲೆ ಕೆಳಗೆ ಆಹಾರ ಕಳಿಸಲು ಶುರು ಮಾಡುತ್ತದೆ. ಮೂರು ನಾಲ್ಕು ವಾರ ಬಿಟ್ಟರೆ ಹೊಸ ಗಡ್ಡೆ ಕಟ್ಟತೊಡಗುತ್ತದೆ. ಅಂದರೆ ಮೂರು ವಾರ ದಾಟಲು ಯಾವ ಗಿಡಕ್ಕೂ ಬಿಡಬಾರದು. ಗೋಡೆಯ ಕ್ಯಾಲೆಂಡರ್‌ನಲ್ಲಿ ಹತ್ತು ದಿನಕ್ಕೊಂದು ಗುರುತು ಹಾಕಿದೆ. ಆ ದಿನ ಹಳೆಯ ಸ್ಕ್ರೂಡ್ರೈವರ್ ಹಿಡಿದು ಕೂರುವುದು. ಮೊಳಕೆಯ ಪಕ್ಕ ಚುಚ್ಚಿ, ಸಡಿಲ ಮಾಡಿ, ಗಡ್ಡೆಯ ಸಮೇತ ತೆಗೆಯುವುದು. ಗಡ್ಡೆ ಬಾರದಿದ್ದರೆ ಮಣ್ಣಿನ ಒಂದು ಇಂಚು ಕೆಳಗೆ ಕತ್ತರಿಸುವುದು. ಎಷ್ಟು ತೆಗೆದೆ ಎಂದು ಅದೇ ಕ್ಯಾಲೆಂಡರ್‌ನಲ್ಲಿ ಬರೆಯುವುದು.

ಹೂಮಳೆಯ ನಂತರ ಮೊದಲ ಮಡಿಯಲ್ಲಿ 318 ಮೊಳಕೆ. ಹತ್ತು ದಿನ ಬಿಟ್ಟು 240. ಆಮೇಲೆ 171. ಮೇ ಕೊನೆಗೆ 64. ಆ ನಾಲ್ಕು ತಿಂಗಳು ಮಡಿಯಲ್ಲಿ ನಾನು ಏನನ್ನೂ ಬೆಳೆಯಲಿಲ್ಲ. ಬೆಳೆ ಇದ್ದರೆ ಅದರ ಬೇರಿನ ನಡುವಿನಿಂದ ಗಡ್ಡೆ ತೆಗೆಯಲು ಆಗುವುದಿಲ್ಲ. ಸುಮ್ನೆ ಖಾಲಿ ಬಿಟ್ಟ ನೆಲ ಎಂದು ನೋಡಿದವರಿಗೆ ಅನಿಸಿರಬಹುದು. ಅತ್ತೆಗೂ ಬೇಸರ ಇತ್ತು. "ಒಂದು ಸಾಲು ಬೀನ್ಸ್ ಹಾಕಬಾರದಾ?" ಎಂದು ಎರಡು ಸಲ ಕೇಳಿದರು. ಬೇಡ ಅತ್ತೆ, ಈ ವರ್ಷ ಒಂದು ಬಿಟ್ಟುಬಿಡಿ ಎಂದೆ. ಅವರಿಗೆ ಎಪ್ಪತ್ತೆಂಟು ವರ್ಷ. ಒಂದು ವರ್ಷ ಬಿಡಿ ಎಂದು ಅವರಿಗೆ ಹೇಳುವುದು ನನಗೆ ಸುಲಭ ಇರಲಿಲ್ಲ.

ಜೂನ್ ಬಂದರೆ ಕೊಡಗಿನಲ್ಲಿ ಈ ಲೆಕ್ಕವೆಲ್ಲ ನಿಲ್ಲುತ್ತದೆ. ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಮಳೆಯಲ್ಲಿ, ಜಿಗಣೆಗಳ ನಡುವೆ ಕೂತು ಮೊಳಕೆ ಕೀಳುವವರು ಯಾರು? ನೆನೆದ ಮಣ್ಣನ್ನು ತುಳಿದರೆ ಮಡಿಯೂ ಹಾಳು. ಆದರೆ ಕೊನ್ನಾರಿಗೆ ಇನ್ನೊಂದು ದೌರ್ಬಲ್ಯ ಇದೆ. ಅದು ನೆರಳನ್ನು ತಾಳುವುದಿಲ್ಲ. ಕಾಫಿ ಗಿಡಗಳು ಒತ್ತಾಗಿ ಕೂಡಿಕೊಂಡ ಕಡೆ ಅದು ಅಷ್ಟಾಗಿ ಕಾಣುವುದಿಲ್ಲ, ಗಮನಿಸಿದ್ದೀರಾ? ಹಾಗಾಗಿ ಮಳೆಗಾಲದ ಕಾವಲಿಗೆ ಮೇ ಕೊನೆಯಲ್ಲೇ ಎರಡು ಮಡಿಗೆ ಸಿಹಿಗೆಣಸಿನ ಬಳ್ಳಿ, ಎರಡಕ್ಕೆ ಅಲಸಂದೆ ಹಾಕಿದ್ದೆ. ಅಲಸಂದೆ ಜುಲೈಯ ಮಳೆಗೆ ಕೊಳೆತು ಹೋಯಿತು. ನಮ್ಮ ಮಳೆಗೆ ಅದು ಸರಿಯಲ್ಲ. ಗೆಣಸು ಎತ್ತರದ ಏರಿಯ ಮೇಲಿತ್ತು, ನೀರು ನಿಲ್ಲಲಿಲ್ಲ. ಜುಲೈ ಮಧ್ಯಕ್ಕೆ ಬಳ್ಳಿ ಮಣ್ಣು ಕಾಣದ ಹಾಗೆ ಹಬ್ಬಿತು.

ಅಕ್ಟೋಬರ್‌ನಲ್ಲಿ, ಕಾವೇರಿ ಸಂಕ್ರಮಣ ಕಳೆದ ಮೇಲೆ, ಬಳ್ಳಿ ಸರಿಸಿ ನೋಡಿದೆವು. ಅಲಸಂದೆಯ ಮಡಿಗಳಲ್ಲಿ ಕೊನ್ನಾರಿ ಮತ್ತೆ ಸೊಂಪಾಗಿ ಎದ್ದಿತ್ತು. ಗೆಣಸಿನ ಮಡಿಯಲ್ಲಿ ತೆಳ್ಳಗಿನ, ಹಳದಿ ಬಣ್ಣದ ಮೊಳಕೆಗಳು ಅಲ್ಲೊಂದು ಇಲ್ಲೊಂದು. ಕಿತ್ತರೆ ಕೆಳಗಿನ ಗಡ್ಡೆ ಮೆತ್ತಗೆ, ಸುಕ್ಕಾಗಿ ಇತ್ತು. ಇನ್ನೊಂದು ಅನುಕೂಲವೂ ಆಯಿತು. ಗೆಣಸು ತೆಗೆಯಲು ಹೇಗೂ ಇಡೀ ಮಡಿಯನ್ನು ಅಗೆಯಬೇಕು. ಗೆಣಸು ಒಂದು ಬುಟ್ಟಿಗೆ, ಕೊನ್ನಾರಿ ಇನ್ನೊಂದಕ್ಕೆ. ಎರಡನೆಯ ಸಲದ ಜರಡಿ ಕೆಲಸ ಬೆಳೆಯ ಜೊತೆಗೇ ಮುಗಿಯಿತು. ಕೆಳಗಿನ ಮೂಲೆಯ ಗೆಣಸನ್ನು ಮಾತ್ರ ಕಾಡುಹಂದಿ ಒಂದು ರಾತ್ರಿ ಬಂದು ಉತ್ತುಬಿಟ್ಟಿತ್ತು. ಮರುವರ್ಷ ಆ ಕಡೆ ತಂತಿಬೇಲಿ ಹಾಕಿಸಿ, ನಾಲ್ಕೂ ಮಡಿಗೆ ಗೆಣಸೇ ಹಾಕಿದೆ.

ಬೇರೆ ಕಳೆಗಳ ಬಗ್ಗೆಯೂ ಎರಡು ಮಾತು. ಗರಿಕೆ ಗಣಪತಿಗೆ ಬೇಕು, ಮಡಿಯ ಒಳಗೆ ಬೇಡ. ಅದರ ಪ್ರತಿ ಗೆಣ್ಣೂ ಬೇರು ಬಿಡುತ್ತದೆ, ಹಾಗಾಗಿ ಕತ್ತರಿಸಿ ಬಿಟ್ಟರೆ ಜಾಸ್ತಿ ಆಗುತ್ತದೆ. ನಮ್ಮಲ್ಲಿ ಅದು ದಾರಿಯ ಕಡೆಯಿಂದ ಬರುತ್ತಿತ್ತು. ಮಡಿಗೂ ದಾರಿಗೂ ನಡುವೆ ಒಂದು ಅಡಿ ಆಳದ ಸಣ್ಣ ಚರಂಡಿ ತೋಡಿ, ತಿಂಗಳಿಗೊಮ್ಮೆ ಅದಕ್ಕೆ ಇಳಿದ ಬಳ್ಳಿಗಳನ್ನು ಎಳೆದು ಹಾಕುತ್ತೇನೆ. ಮುಟ್ಟಿದರೆ ಮುನಿಯನ್ನು ಮಳೆ ಬಂದ ಮರುದಿನ ದಪ್ಪ ಕೈಗವಸು ಹಾಕಿ ಬುಡ ಹಿಡಿದು ಎಳೆದರೆ ಬೇರು ಸಮೇತ ಬರುತ್ತದೆ. ಹೂ ಬಿಡುವ ಮುಂಚೆ ಮಾಡಬೇಕು ಅಷ್ಟೇ. ಅದರ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತದೆ.

2024ರ ಏಪ್ರಿಲ್‌ನಲ್ಲಿ ಮೊದಲ ಮಡಿಯ ಲೆಕ್ಕ 55. ಆ ವರ್ಷದ ಗೆಣಸು ತೆಗೆದ ಮೇಲೆ 12. ನವೆಂಬರ್‌ನಲ್ಲಿ ಅತ್ತೆಯನ್ನು ಕೇಳಿಯೇ ಮೊದಲ ಎರಡು ಮಡಿಗೆ ಬೀನ್ಸ್ ಹಾಕಿದೆ. ಬೀಜ ಅವರೇ ಊರಿದರು, ಸಣ್ಣ ಸ್ಟೂಲ್ ಮೇಲೆ ಕೂತು, ಒಂದು ಗೇಣಿಗೆ ಎರಡರಂತೆ. ಕಂಬಿ ನೆಡುವುದು, ಬಳ್ಳಿ ಕಟ್ಟುವುದು ನಾನು. ಜನವರಿಯಲ್ಲಿ ಮೊದಲ ಕೊಯ್ಲು ಆದ ದಿನ ಅವರು ಒಂದು ಹಿಡಿ ಬೀನ್ಸ್ ಮಡಿಲಲ್ಲಿ ಇಟ್ಟುಕೊಂಡು ತುಂಬಾ ಹೊತ್ತು ಹಿತ್ತಲಿನಲ್ಲೇ ಕೂತಿದ್ದರು.

ಈಗ ಹೊರಗಿನಿಂದ ಮಣ್ಣು ತರಿಸುವುದಿಲ್ಲ. ನರ್ಸರಿಯಿಂದ ಸಸಿ ತಂದರೂ ಕವರ್ ಬಿಚ್ಚಿ, ಬೇರಿನ ಸುತ್ತ ಬೆರಳಾಡಿಸಿ ನೋಡಿಯೇ ನೆಡುತ್ತೇನೆ. ಹೋದ ತಿಂಗಳು ಒಂದು ಗುಲಾಬಿ ಗಿಡದ ಕವರ್‌ನಲ್ಲಿ ನಾಲ್ಕು ಗಡ್ಡೆ ಸಿಕ್ಕವು.

ಟಾರ್ಪಾಲ್ ಕೆಳಗಿನ ಜಾಗವನ್ನು ಮೊನ್ನೆ ಒಂದು ಮೂಲೆಯಲ್ಲಿ ಎತ್ತಿ ನೋಡಿದೆ. ಮೂರು ವರ್ಷ ಬೆಳಕು ಕಾಣದ ಮಣ್ಣು. ಹುಲ್ಲು ಎಲ್ಲ ಕರಗಿ ಹೋಗಿತ್ತು. ಮೇಲೆ ಕೊನ್ನಾರಿಯ ಗುರುತೇ ಇಲ್ಲ. ಆದರೂ ಫೋರ್ಕ್ ಹಾಕಿ ಒಂದು ಹೆಂಟೆ ಎತ್ತಿದೆ. ಚದರ ಅಡಿಗೆ ಹದಿನೆಂಟು ಗಡ್ಡೆ, ಅದರಲ್ಲಿ ಹನ್ನೊಂದು ಒತ್ತಿದರೆ ಪುಡಿಯಾದವು. ಏಳು ಗಟ್ಟಿ ಇದ್ದವು. ಕೆಲಸದ ಅಕ್ಕನಿಗೆ ಹೇಳಿಟ್ಟಿದ್ದೇನೆ, ಜನವರಿಯಲ್ಲಿ ಕಾಫಿ ಕೊಯ್ಲಿಗೆ ಹೋಗುವ ಮುಂಚೆ ಬೆಳಿಗ್ಗೆ ಎರಡು ಗಂಟೆ ನನಗೆ ಕೊಡಿ ಎಂದು. ಜರಡಿಗೆ ಹೊಸ ಬಲೆ ಹಾಕಿಸಿ ಆಗಿದೆ.